ಕಿಡಿಯ ದಾರಿ: ಹಳೆಯ ಮೋಟಾರಿನ ಇಗ್ನಿಷನ್ ದೋಷವನ್ನು ಹುಡುಕುವ ಕ್ರಮ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಆ ಗಾದೆ ಹುಟ್ಟಿದ ಕಾಲಕ್ಕೆ ಮೋಟಾರು ಗಾಡಿ ಇರಲಿಲ್ಲ. ಆದರೂ ಹಳೆಯ ಕಾರುಗಳ ದುರಸ್ತಿಗೆ ಅದು ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪಲಾರದೇನೋ. ಗಾಡಿ ನಿಲ್ಲುತ್ತದೆ. ಕಾಯಿಲ್ ಹೋಗಿರಬೇಕೆಂದು ಒಬ್ಬರು ಹೇಳುತ್ತಾರೆ, ಕಾಯಿಲ್ ಬದಲಾಯಿಸಿದ್ದಾಗುತ್ತದೆ. ಕಂಡೆನ್ಸರ್ ಇರಬೇಕೆಂದು ಇನ್ನೊಬ್ಬರು ಹೇಳುತ್ತಾರೆ, ಅದೂ ಆಗುತ್ತದೆ. ಪ್ಲಗ್ಗುಗಳೂ ಹೊಸವಾಗುತ್ತವೆ. ಒಡೆಯನ ಜೇಬು ಬರಿದಾಗುತ್ತದೆ, ಗಾಡಿ ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಕಡೆಗೆ ನೋಡಿದರೆ ದೋಷವಿದ್ದುದು ಡಿಸ್ಟ್ರಿಬ್ಯೂಟರಿನೊಳಗೆ ಒಳಗೊಳಗೇ ಮುರಿದಿದ್ದ ಬೆರಳುದ್ದದ ತಂತಿಯೊಂದರಲ್ಲಿ!

ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ಮೋಟಾರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ದೋಷವನ್ನು ಹುಡುಕುವುದು ಕೈಯ ಕೆಲಸವಾಗುವುದಕ್ಕೆ ಮೊದಲು ಬುದ್ಧಿಯ ಕೆಲಸವೆಂಬುದೇ ಇದಕ್ಕೆ ಉತ್ತರ. ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದುವ ಅನುಮಾನ, ಕಾರ್ಯಕಾರಣ ಸಂಬಂಧ, ಅನ್ವಯ ವ್ಯತಿರೇಕಗಳನ್ನು ಪರೀಕ್ಷೆಯ ಉತ್ತರಪತ್ರಿಕೆಯ ಆಚೆಗೆ ಪ್ರಯೋಗಿಸಿ ನೋಡಲು ಹಳೆಯ ಕಾರಿನ ಇಗ್ನಿಷನ್ ವ್ಯವಸ್ಥೆಗಿಂತ ಸರಳವಾದ ಪ್ರಯೋಗಶಾಲೆ ಸಿಕ್ಕುವುದು ಕಷ್ಟ. ಊಹೆಯಿಂದ ಬಿಡಿಭಾಗ ಬದಲಾಯಿಸಬಾರದು, ಪರೀಕ್ಷೆಯಿಂದ ದೋಷದ ಸ್ಥಾನವನ್ನು ಗೊತ್ತುಮಾಡಬೇಕು ಎಂಬ ಒಂದು ಮಾತನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನೆರೆಯ ಕಥೆ

ಈ ವಿಷಯಕ್ಕೂ ದಕ್ಷಿಣ ಬೆಂಗಳೂರಿಗೂ ಹತ್ತಿರದ ನಂಟಿದೆ. ಜಯನಗರಕ್ಕೆ ಸಮೀಪದ ಆಡುಗೋಡಿಯಲ್ಲಿ ತಳವೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ನಮ್ಮೆಲ್ಲರ ಬಾಯಲ್ಲಿ 'ಮೈಕೋ', 1951ರಲ್ಲಿ ಸ್ಥಾಪಿತವಾಯಿತು. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ಅಲ್ಲಿ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಎಂಜಿನ್ನಿಗೆ ಬೇಕಾದ ಇಂಧನ ಪಂಪುಗಳೂ ತಯಾರಾದವು. ದೇಶದಾದ್ಯಂತ ಓಡಿದ ಅದೆಷ್ಟೋ ಕಾರುಗಳ ಕಿಡಿ ಹೊತ್ತಿದ್ದು ಆಡುಗೋಡಿಯ ಪ್ಲಗ್ಗಿನ ತುದಿಯಲ್ಲಿ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಬಿಡದಿಯಲ್ಲಿ ಹೊಸ ಕಾರ್ಖಾನೆ ಎದ್ದಿತು. ಆಡುಗೋಡಿಯ ಹಳೆಯ ಆವರಣ ಇಂದು ಎಂಜಿನಿಯರಿಂಗ್ ಮತ್ತು ಸಂಶೋಧನೆಯ ನೆಲೆಯಾಗಿದೆ. ಹಳೆಯ ಹೆಸರು ಮಾತ್ರ ಅಳಿದಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದಾದ ಬಿ.ಟಿ.ಎಂ. ಬಡಾವಣೆಯ ಮಗ್ಗುಲಲ್ಲಿ 'ಮೈಕೋ ಲೇಔಟ್' ಎಂಬ ಹೆಸರನ್ನು ಜನ ಈಗಲೂ ಬಳಸುತ್ತಾರೆ.

ಪ್ಲಗ್ಗು ಇಲ್ಲಿಯದಾದರೆ ಗಾಡಿಗಳು ಬೇರೆ ಬೇರೆ ಕಡೆಯವು. ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಭಾರತೀಯ ರೂಪ; ಅದರ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100ರ ಸಂತತಿ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಳೆಯ ಮನೆಗಳ ಮುಂದೆ ಹೊದಿಕೆ ಹೊದ್ದು ನಿಂತ ಇಂತಹ ಗಾಡಿಗಳನ್ನು ಈಗಲೂ ಅಲ್ಲೊಂದು ಇಲ್ಲೊಂದು ಕಾಣಬಹುದು. ತಂದೆಯೋ ತಾತನೋ ಕೊಂಡ ಗಾಡಿಯನ್ನು ಮಾರಲು ಮನಸ್ಸಾಗದೆ ಉಳಿಸಿಕೊಂಡವರು ಅನೇಕರು. ಇಂದಿನ ಕಾರುಗಳಲ್ಲಿ ಗಣಕಯಂತ್ರವೇ ಕಿಡಿಯ ಕಾಲವನ್ನು ನಿರ್ಣಯಿಸುವುದರಿಂದ ಪಾಯಿಂಟು, ಕಂಡೆನ್ಸರುಗಳ ವಿದ್ಯೆ ಬಲ್ಲ ಮೇಸ್ತ್ರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗಾಡಿಯೊಡನೆ ಆ ವಿದ್ಯೆಯೂ ಮರೆಯಾಗದಿರಬೇಕಾದರೆ ಅದನ್ನು ಬಲ್ಲವರಿಂದ ಕೇಳಿ ಬರೆದಿಡುವುದು ಅಗತ್ಯ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ತುದಿಯ ಸಂದಿಯಲ್ಲಿ, ಒತ್ತಡಕ್ಕೆ ಸಿಕ್ಕಿದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದ ಮಧ್ಯೆ ಕಿಡಿ ಹಾರಬೇಕಾದರೆ ಬೇಕಾಗುವುದು ಹತ್ತಿಪ್ಪತ್ತು ಸಾವಿರ ವೋಲ್ಟ್. ಇಷ್ಟು ಅಲ್ಪದಿಂದ ಅಷ್ಟು ಅಧಿಕ ಹೇಗೆ ಬಂದೀತು? ಇದಕ್ಕೆ ಆಧಾರ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವ. ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ರೂಪಿಸಿದ. ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಕ್ರಮವನ್ನು ಕಾರಿಗೆ ಯೋಗ್ಯವಾಗುವಂತೆ ಹದಗೊಳಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅದು 1910ರ ಸುಮಾರಿನ ಮಾತು. ಅಂಬಾಸಡರ್, ಪದ್ಮಿನಿಗಳು ಓಡಿದ್ದು ಈ ಕ್ರಮದಲ್ಲೇ.

ಕಾಯಿಲಿನೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ಒಂದು ದಪ್ಪ ತಂತಿಯ, ಕೆಲವೇ ನೂರು ಸುತ್ತುಗಳ ಪ್ರಾಥಮಿಕ ಸುರುಳಿ; ಇನ್ನೊಂದು ಕೂದಲಿನಂತಹ ತಂತಿಯ, ಸಾವಿರಾರು ಸುತ್ತುಗಳ ದ್ವಿತೀಯ ಸುರುಳಿ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಕೂಡಿದಾಗ ಪ್ರಾಥಮಿಕ ಸುರುಳಿಯಲ್ಲಿ ಸುಮಾರು 4 ಆಂಪಿಯರ್ ಪ್ರವಾಹ ಹರಿದು ತಿರುಳು ಕಾಂತವಾಗುತ್ತದೆ. ಎಂಜಿನ್ನು ತಿರುಗಿ ಪಾಯಿಂಟುಗಳು ಥಟ್ಟನೆ ಅಗಲಿದಾಗ ಪ್ರವಾಹ ಕಡಿದು, ಕಾಂತಕ್ಷೇತ್ರ ಕುಸಿದು, ದ್ವಿತೀಯ ಸುರುಳಿಯಲ್ಲಿ ಸಹಸ್ರಾರು ವೋಲ್ಟ್ ಪ್ರೇರಿತವಾಗುತ್ತದೆ. ಆ ಅಗಲುವಿಕೆ ಥಟ್ಟನೆ ಆಗಬೇಕೆಂಬುದು ಮುಖ್ಯ. ಪಾಯಿಂಟುಗಳ ನಡುವೆ ಪ್ರವಾಹ ಕಿಡಿಯಾಗಿ ಎಳೆದುಕೊಂಡು ಹೋದರೆ ಕುಸಿತ ನಿಧಾನವಾಗಿ ಪ್ಲಗ್ಗಿನ ಕಿಡಿ ಸೊರಗುತ್ತದೆ. ಅದನ್ನು ತಡೆಯಲೆಂದೇ ಸುಮಾರು 0.2 ಮೈಕ್ರೊಫ್ಯಾರಡ್ ಅಳತೆಯ ಕಂಡೆನ್ಸರನ್ನು ಪಾಯಿಂಟುಗಳಿಗೆ ಸಮಾನಾಂತರವಾಗಿ ಕೂಡಿಸಿರುತ್ತಾರೆ.

ಹೀಗೆ ಹುಟ್ಟಿದ ವೋಲ್ಟೇಜು ಕಾಯಿಲಿನ ನಡುವಣ ದಪ್ಪ ತಂತಿಯಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೂ, ಅಲ್ಲಿಂದ ತಿರುಗುವ ರೋಟರಿಗೂ, ರೋಟರಿನಿಂದ ಸರದಿಯ ಪ್ರಕಾರ ಒಂದೊಂದು ಪ್ಲಗ್ಗಿಗೂ ತಲುಪುತ್ತದೆ. ಅಂಬಾಸಡರ್, ಪದ್ಮಿನಿಗಳೆರಡರಲ್ಲೂ ಆ ಸರದಿ 1, 3, 4, 2. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರಬೇಕು. ಒಂದು ತಪ್ಪಿದರೂ ಎಂಜಿನ್ನು 'ಮಿಸ್ಸಿಂಗ್' ಹೊಡೆಯುತ್ತದೆ.

ಈ ದಾರಿಯಲ್ಲಿ ಎರಡು ಭಾಗಗಳಿರುವುದನ್ನು ವಾಚಕರು ಗಮನಿಸಬೇಕು. ಬ್ಯಾಟರಿ, ಸ್ವಿಚ್ಚು, ಪ್ರಾಥಮಿಕ ಸುರುಳಿ, ಪಾಯಿಂಟುಗಳು, ಅಲ್ಲಿಂದ ಅರ್ಥ್: ಇದು ಕಡಿಮೆ ವೋಲ್ಟೇಜಿನ ಮಂಡಲ. ದ್ವಿತೀಯ ಸುರುಳಿ, ಮುಖ್ಯ ತಂತಿ, ಮುಚ್ಚಳ, ರೋಟರು, ಪ್ಲಗ್ಗು: ಇದು ಹೆಚ್ಚು ವೋಲ್ಟೇಜಿನ ಮಂಡಲ. ದೋಷ ಯಾವ ಮಂಡಲದಲ್ಲಿದೆಯೆಂದು ಮೊದಲು ನಿರ್ಣಯಿಸಿದರೆ ಅರ್ಧ ಕೆಲಸ ಮುಗಿದಂತೆಯೇ.

ಪರೀಕ್ಷೆಗೆ ಮುನ್ನ

ಬೇಕಾದ ಉಪಕರಣಗಳು ಬಹಳವಿಲ್ಲ. ಎರಡು ತಂತಿ ಕಟ್ಟಿದ 12 ವೋಲ್ಟಿನ ಸಣ್ಣ ಬಲ್ಬು, ಹಿಡಿಗೆ ಒಳ್ಳೆಯ ರಬ್ಬರ್ ಹೊದಿಕೆಯುಳ್ಳ ಇಕ್ಕಳ, ಫೀಲರ್ ಗೇಜು, ಸ್ಕ್ರೂಡ್ರೈವರು. ಸಾಧ್ಯವಾದರೆ ಒಂದು ವೋಲ್ಟ್‌ಮೀಟರು.

ಎಚ್ಚರಿಕೆಗಳು ಮಾತ್ರ ಕಡ್ಡಾಯ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಕೈಬ್ರೇಕು ಎಳೆದಿರಬೇಕು. ಪೆಟ್ರೋಲು ಸೋರುತ್ತಿದ್ದರೆ, ವಾಸನೆ ಬರುತ್ತಿದ್ದರೆ, ಕಿಡಿಯ ಪರೀಕ್ಷೆಯನ್ನು ಮಾಡಲೇಕೂಡದು; ಮೊದಲು ಸೋರಿಕೆ ನಿಲ್ಲಬೇಕು. ಕೈಯಲ್ಲಿ ಉಂಗುರ, ಲೋಹದ ಗಡಿಯಾರ ಇರಬಾರದು. ಕಾಯಿಲಿನ ಹೊಡೆತ ಕ್ಷಣಮಾತ್ರದ್ದಾದರೂ ಬಲವಾದದ್ದು; ಹೃದ್ರೋಗಿಗಳು ಇದರ ಹತ್ತಿರ ಸುಳಿಯಬಾರದು. ಎಂಜಿನ್ನು ನಿಂತಿರುವಾಗ ಸ್ವಿಚ್ಚನ್ನು ಬಹಳ ಹೊತ್ತು ಹಾಕಿಯೇ ಬಿಟ್ಟರೆ, ಪಾಯಿಂಟುಗಳು ಕೂಡಿದ ಸ್ಥಿತಿಯಲ್ಲಿದ್ದ ಪಕ್ಷದಲ್ಲಿ, ಕಾಯಿಲ್ ಕಾದು ಕೆಡುತ್ತದೆ. ಒಂದು ದೋಷವನ್ನು ಹುಡುಕಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗಬಾರದು.

ಹಳೆಯ ಗಾಡಿಗಳ ವಿಷಯದಲ್ಲಿ ಇನ್ನೊಂದು ವಿಶೇಷವನ್ನು ತಿಳಿದಿರಬೇಕು. 1960ರ ದಶಕದ ನಡುಭಾಗದವರೆಗಿನ ಅನೇಕ ಬ್ರಿಟಿಷ್ ಮಾದರಿಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಗಾಡಿಯ ಮೈಗೆ ಕಟ್ಟುತ್ತಿದ್ದರು. ಈಗಿನ ರೂಢಿ ಋಣಧ್ರುವವನ್ನು ಕಟ್ಟುವುದು. ಹಿಂದೊಮ್ಮೆ ಯಾರೋ ಬ್ಯಾಟರಿಯನ್ನು ತಿರುಗಿಸಿ ಕಟ್ಟಿ, ಕಾಯಿಲಿನ ಎರಡು ಸಣ್ಣ ತಂತಿಗಳನ್ನು ಅದಲುಬದಲು ಮಾಡದೆ ಬಿಟ್ಟಿದ್ದರೆ ಗಾಡಿ ಓಡುತ್ತದೆ. ಆದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕಾಗಿ ಏರಿನಲ್ಲಿ ಮಿಸ್ಸಿಂಗ್ ತೋರುತ್ತದೆ. ನಮ್ಮ ಬಲ್ಬಿಗೆ ಧನ ಋಣಗಳ ಭೇದವಿಲ್ಲದಿರುವುದು ಅದರ ಒಂದು ಗುಣ.

ಮೊದಲ ಪ್ರಶ್ನೆ: ದೋಷ ಕಿಡಿಯದೇ?

ಸೆಲ್ಫು ಹೊಡೆದರೆ ಎಂಜಿನ್ನು ಚುರುಕಾಗಿ ತಿರುಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಮೆಲ್ಲಗೆ ನರಳುತ್ತ ತಿರುಗಿದರೆ, ಇಲ್ಲವೆ ದೀಪಗಳು ಮಂಕಾದರೆ, ಬ್ಯಾಟರಿಯನ್ನೂ ಅದರ ತುದಿಗಳನ್ನೂ, ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನೂ ಪರೀಕ್ಷಿಸಬೇಕು. ಪೂರ್ಣ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫು ಹೊಡೆಯುವಾಗ 10ಕ್ಕಿಂತ ತೀರ ಕೆಳಗಿಳಿದರೆ ಅದು ಬಳಲಿದೆಯೆಂದೇ ಅರ್ಥ. ತುದಿಗಳ ಮೇಲಿನ ಹಸಿರುಬಿಳಿ ಕಿಲುಬನ್ನು ತೆಗೆದು ಬಿಗಿಮಾಡಿದ ಮಾತ್ರಕ್ಕೆ ಎಷ್ಟೋ ಗಾಡಿಗಳು ಜೀವ ತಳೆಯುತ್ತವೆ.

ಎಂಜಿನ್ನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಮುಖ್ಯ ಪರೀಕ್ಷೆಗೆ ಬರೋಣ. ಕಾಯಿಲಿನಿಂದ ಬರುವ ಮುಖ್ಯ ತಂತಿಯನ್ನು ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ಕಿತ್ತು, ಇಕ್ಕಳದಿಂದ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಸುಮಾರು 6 ಮಿಲಿಮೀಟರ್ ದೂರದಲ್ಲಿಟ್ಟು, ಇನ್ನೊಬ್ಬರಿಂದ ಸೆಲ್ಫು ಹೊಡೆಸಬೇಕು. ನೀಲಿ ಬಣ್ಣದ ಕಿಡಿ ಚಟಚಟನೆ ತಪ್ಪದೆ ಹಾರಿದರೆ ಕಡಿಮೆ ವೋಲ್ಟೇಜಿನ ಮಂಡಲವೂ ಕಾಯಿಲೂ ನಿರ್ದೋಷಿಗಳು. ದೋಷ ಮುಂದೆ ರೋಟರು, ಮುಚ್ಚಳ, ಪ್ಲಗ್ಗುಗಳಲ್ಲೋ ಅಥವಾ ಪೆಟ್ರೋಲಿನ ಕಡೆಯೋ ಇರಬೇಕು. ಕಿಡಿ ಇಲ್ಲವೇ ಇಲ್ಲವೆಂದರೆ, ಅಥವಾ ಕೆಂಪಗೆ ತೆಳ್ಳಗೆ ಇದ್ದರೆ, ದೋಷ ಹಿಂದಿದೆ. ಒಂದೇ ಪರೀಕ್ಷೆಯಿಂದ ದಾರಿ ಎರಡಾಗಿ ಸೀಳಿತು. ಒಂದು ಭಾಗವನ್ನು ನಾವು ಇನ್ನು ಮುಟ್ಟಬೇಕಾಗಿಲ್ಲ.

ಬಲ್ಬು ಹೇಳುವ ಸಾಕ್ಷಿ

ಕಿಡಿ ಇಲ್ಲವೆಂದಿಟ್ಟುಕೊಳ್ಳೋಣ. ಮುಖ್ಯ ತಂತಿಯ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ವಿಚ್ಚು ಹಾಕಬೇಕು. ಲೂಕಾಸ್ ಮಾದರಿಯ ಹಳೆಯ ಕಾಯಿಲಿನ ಮೇಲೆ ಎರಡು ಸಣ್ಣ ತುದಿಗಳಿಗೆ ಎಸ್.ಡಬ್ಲ್ಯು., ಸಿ.ಬಿ. ಎಂಬ ಗುರುತುಗಳಿರುತ್ತವೆ: ಮೊದಲನೆಯದು ಸ್ವಿಚ್ಚಿನ ಕಡೆ, ಎರಡನೆಯದು ಪಾಯಿಂಟಿನ ಕಡೆ. ಬಾಷ್ ಮಾದರಿಯಲ್ಲಿ ಅವು ಕ್ರಮವಾಗಿ 15 ಮತ್ತು 1. ಬಲ್ಬಿನ ಒಂದು ತಂತಿಯನ್ನು ಪಾಯಿಂಟಿನ ಕಡೆಯ ತುದಿಗೂ ಇನ್ನೊಂದನ್ನು ಗಾಡಿಯ ಲೋಹಕ್ಕೂ ಹಿಡಿದು ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಪಾಯಿಂಟುಗಳು ಅಗಲಿದಾಗ ಬಲ್ಬು ಹೊತ್ತಿ, ಕೂಡಿದಾಗ ಆರಬೇಕು. ಇದು ಆರೋಗ್ಯದ ಲಕ್ಷಣ. ಹಾಗಾಗದಿದ್ದಲ್ಲಿ ಎರಡು ಸಂದರ್ಭಗಳುಂಟು.

ಒಂದು: ಬಲ್ಬು ಹೊತ್ತುವುದೇ ಇಲ್ಲ. ಆಗ ಬಲ್ಬನ್ನು ಸ್ವಿಚ್ಚಿನ ಕಡೆಯ ತುದಿಗೆ ಹಿಡಿಯಬೇಕು. ಅಲ್ಲಿಯೂ ಹೊತ್ತದಿದ್ದರೆ ಕರೆಂಟು ಕಾಯಿಲಿನವರೆಗೆ ಬಂದೇ ಇಲ್ಲ. ದೋಷ ಸ್ವಿಚ್ಚಿನಲ್ಲೋ ತಂತಿಯಲ್ಲೋ ಇದೆ. ಲೂಕಾಸ್ ಕ್ರಮದಲ್ಲಿ ಸ್ವಿಚ್ಚಿನಿಂದ ಕಾಯಿಲಿಗೆ ಬರುವ ತಂತಿ ಬಿಳಿಯದು. ಅದನ್ನು ಹಿಡಿದು ಹಿಂದಕ್ಕೆ ನಡೆದರೆ ದೋಷ ಸಿಕ್ಕುತ್ತದೆ. ಸ್ವಿಚ್ಚಿನ ಕಡೆ ಹೊತ್ತಿ ಪಾಯಿಂಟಿನ ಕಡೆ ಹೊತ್ತದಿದ್ದರೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯನ್ನು ಕಾಯಿಲಿನಿಂದ ಬಿಚ್ಚಿ, ಬರಿದಾದ ಆ ತುದಿಗೇ ಮತ್ತೆ ಬಲ್ಬು ಹಿಡಿಯಬೇಕು. ಈಗ ಹೊತ್ತಿತೇ? ಕಾಯಿಲಿನ ಪ್ರಾಥಮಿಕ ಸುರುಳಿ ಸರಿಯಾಗಿದೆ. ಡಿಸ್ಟ್ರಿಬ್ಯೂಟರಿನ ಕಡೆಗೆ ಎಲ್ಲೋ ಕರೆಂಟು ಅರ್ಥ್ ಆಗುತ್ತಿದೆ. ಪಾಯಿಂಟುಗಳು ಅಗಲುತ್ತಿಲ್ಲವೋ, ಅವುಗಳ ಕೆಳಗಿನ ಅವಾಹಕ ಬಿಲ್ಲೆಯನ್ನು ಯಾರೋ ತಪ್ಪಾಗಿ ಕೂಡಿಸಿದ್ದಾರೋ, ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆಯೋ ನೋಡಬೇಕು. ಈಗಲೂ ಹೊತ್ತದಿದ್ದರೆ ಪ್ರಾಥಮಿಕ ಸುರುಳಿ ತುಂಡಾಗಿದೆ. ಕಾಯಿಲನ್ನು ದೂಷಿಸಲು ನಮಗೆ ಅಧಿಕಾರ ಬಂದದ್ದು ಈಗ, ಇದಕ್ಕೆ ಮೊದಲಲ್ಲ.

ಎರಡು: ಬಲ್ಬು ಆರುವುದೇ ಇಲ್ಲ. ಎಂದರೆ ಪಾಯಿಂಟುಗಳ ಮೂಲಕ ಮಂಡಲ ಪೂರ್ಣವಾಗುತ್ತಿಲ್ಲ. ಪಾಯಿಂಟುಗಳ ಮುಖಕ್ಕೆ ಎಣ್ಣೆ, ಕಿಲುಬು ಹಿಡಿದಿರಬಹುದು, ಸಂದಿ ಅತಿಯಾಗಿರಬಹುದು, ಇಲ್ಲವೆ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತಂತಿಗಳಲ್ಲೊಂದು ಹೊದಿಕೆಯೊಳಗೇ ಮುರಿದಿರಬಹುದು. ಈ ತಂತಿಗಳು ಪಾಯಿಂಟಿನ ತಟ್ಟೆಯೊಡನೆ ಸದಾ ಅಲುಗಾಡುತ್ತಿರುವುದರಿಂದ ವರ್ಷಗಳು ಕಳೆದಂತೆ ಮುರಿಯುತ್ತವೆ. ಹೊರಗೆ ನೋಡಿದರೆ ಅಚ್ಚುಕಟ್ಟಾಗಿಯೇ ಕಾಣುತ್ತವೆ. ನಾವು ಮೊದಲಲ್ಲಿ ಹೇಳಿದ ಬೆರಳುದ್ದದ ತಂತಿ ಇದೇ.

ಪಾಯಿಂಟುಗಳನ್ನು ನುಣ್ಣನೆಯ ಅರದಿಂದಲೋ ಎಮರಿ ಕಾಗದದಿಂದಲೋ ಶುಚಿಗೊಳಿಸಿ, ಪುಡಿಯನ್ನು ಒರೆಸಿ, ಪೂರ್ಣ ಅಗಲಿದ ಸ್ಥಿತಿಯಲ್ಲಿ ಸಂದಿಯನ್ನು ಅಳೆಯಬೇಕು. ಲೂಕಾಸ್ ಡಿಸ್ಟ್ರಿಬ್ಯೂಟರಿರುವ ಅಂಬಾಸಡರಿಗೆ 0.35ರಿಂದ 0.40 ಮಿಲಿಮೀಟರ್, ಬೇರೆ ಗಾಡಿಗೆ ಆಯಾ ಕೈಪಿಡಿಯೇ ಪ್ರಮಾಣ. ಸಂದಿ ಕಡಿಮೆಯಾದರೆ ಕಿಡಿ ತಡವಾಗಿ ಹುಟ್ಟುತ್ತದೆ, ಹೆಚ್ಚಾದರೆ ಮುಂಚಿತವಾಗಿ ಹುಟ್ಟುತ್ತದೆ. ಆದುದರಿಂದ ಸಂದಿಯನ್ನು ಸರಿಪಡಿಸಿದ ಮೇಲೆ ಟೈಮಿಂಗನ್ನೂ ನೋಡತಕ್ಕದ್ದು.

ಬಲ್ಬು ಹೊತ್ತಿದ ಮಾತ್ರಕ್ಕೆ ತೃಪ್ತರಾಗಬಾರದು. ಸಡಿಲವಾದ ಸ್ವಿಚ್ಚಿನ ಮೂಲಕವೂ ಸಣ್ಣ ಬಲ್ಬು ಹೊತ್ತುತ್ತದೆ. 4 ಆಂಪಿಯರ್ ಬೇಡುವ ಕಾಯಿಲಿಗೆ ಅದು ಸಾಲದು. ಪಾಯಿಂಟುಗಳು ಕೂಡಿರುವಾಗ ಕಾಯಿಲಿನ ಸ್ವಿಚ್ಚಿನ ತುದಿಯಲ್ಲಿ ವೋಲ್ಟ್‌ಮೀಟರು ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆ ತೋರಿಸಿದರೆ ನಡುವೆ ಎಲ್ಲೋ ಕಿಲುಬು ಹಿಡಿದಿದೆ. ಆದರೆ ಕೆಲವು ಗಾಡಿಗಳಲ್ಲಿ ಕಾಯಿಲಿಗೆ ಮುನ್ನ ಒಂದು ರೋಧಕವನ್ನು ಬೇಕೆಂದೇ ಇಟ್ಟಿರುತ್ತಾರೆ. ಅಲ್ಲಿ ಈ ಲೆಕ್ಕ ಹೊಂದದು. ಅಂತಹ ಗಾಡಿಯ ಸುಮಾರು 1.5 ಓಮಿನ ಕಾಯಿಲನ್ನು ರೋಧಕವಿಲ್ಲದ ಗಾಡಿಗೆ ಹಾಕಿದರೆ ಕಾಯಿಲೂ ಪಾಯಿಂಟುಗಳೂ ಸುಡುತ್ತವೆ. ರೋಧಕವಿಲ್ಲದ ಗಾಡಿಯ ಕಾಯಿಲು ಸುಮಾರು 3 ಓಮಿನದು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೊಳ್ಳುವಾಗ ಹೊರರೂಪವನ್ನು ನಂಬದೆ ಮೀಟರಿನಿಂದ ಅಳೆದು ಕೊಳ್ಳುವುದು ಮೇಲು.

ಮುಚ್ಚಳ, ರೋಟರು, ಪ್ಲಗ್ಗು

ಬಲ್ಬು ಸರಿಯಾಗಿ ಹೊತ್ತಿ ಆರಿದರೂ ಮುಖ್ಯ ತಂತಿಯಲ್ಲಿ ಕಿಡಿ ಇಲ್ಲದಿದ್ದರೆ ಸಂಶಯ ಮೂರರ ಮೇಲೆ: ಮುಖ್ಯ ತಂತಿ, ಕಂಡೆನ್ಸರ್, ಕಾಯಿಲಿನ ದ್ವಿತೀಯ ಸುರುಳಿ. ಅಗ್ಗವಾದದ್ದರಿಂದ ಆರಂಭಿಸಿ ಒಂದೊಂದನ್ನೇ, ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದರೊಡನೆ ಬದಲಾಯಿಸಿ ನೋಡಬೇಕು. ಪಾಯಿಂಟುಗಳ ನಡುವೆ ದೊಡ್ಡ ಕಿಡಿ ಕಂಡರೆ, ಅವುಗಳ ಮುಖ ಬೇಗ ಸುಟ್ಟು ಕಪ್ಪಾಗುತ್ತಿದ್ದರೆ, ಮೊದಲ ಸಂಶಯ ಕಂಡೆನ್ಸರಿನ ಮೇಲೆ ಹೋಗಬೇಕು.

ಮುಖ್ಯ ತಂತಿಯಲ್ಲಿ ಕಿಡಿ ಇದ್ದು ಪ್ಲಗ್ಗುಗಳಿಗೆ ತಲುಪದಿದ್ದರೆ ರೋಟರಿನ ಪರೀಕ್ಷೆ ಸುಲಭ. ಮುಚ್ಚಳ ತೆಗೆದು, ರೋಟರನ್ನು ಅದರ ಜಾಗದಲ್ಲೇ ಬಿಟ್ಟು, ಮುಖ್ಯ ತಂತಿಯ ತುದಿಯನ್ನು ರೋಟರಿನ ಲೋಹದ ಪಟ್ಟಿಗೆ 3 ಮಿಲಿಮೀಟರ್ ಮೇಲೆ ಹಿಡಿದು ಸೆಲ್ಫು ಹೊಡೆಸಬೇಕು. ಕಿಡಿ ರೋಟರಿಗೆ ಹಾರಿದರೆ ರೋಟರಿನ ಮೈ ತೂತಾಗಿ ಕರೆಂಟು ಕೆಳಗಿನ ದಂಡಕ್ಕೆ ಇಳಿಯುತ್ತಿದೆಯೆಂದು ಅರ್ಥ. ಒಳ್ಳೆಯ ರೋಟರಿಗೆ ಕಿಡಿ ಹಾರದು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂತಹ ಸಣ್ಣ ಕರಿಯ ಗೆರೆಯಿದ್ದರೆ ಆ ಮುಚ್ಚಳ ಮುಗಿಯಿತು: ಕರೆಂಟು ತನಗೊಂದು ಕಳ್ಳದಾರಿ ಮಾಡಿಕೊಂಡಿದೆ. ಮಳೆಗಾಲದಲ್ಲಿ, ನೀರು ನಿಂತ ರಸ್ತೆ ದಾಟಿದ ಮೇಲೆ ನಿಲ್ಲುವ ಗಾಡಿಗೆ ಮಾತ್ರ ಒಣಬಟ್ಟೆಯಿಂದ ಮುಚ್ಚಳದ ಒಳಹೊರಗನ್ನೂ ತಂತಿಗಳನ್ನೂ ಒರೆಸುವುದೇ ಮೊದಲ ಔಷಧ.

ಓಡುವ ಎಂಜಿನ್ನು ಮಿಸ್ಸಿಂಗ್ ಹೊಡೆಯುತ್ತಿದ್ದರೆ ಒಂದೊಂದೇ ಪ್ಲಗ್ಗಿನ ತಂತಿಯನ್ನು ಇಕ್ಕಳದಿಂದ ಕಿತ್ತು ಲೋಹಕ್ಕೆ ತಾಗಿಸಿ ನೋಡಬೇಕು. ಯಾವುದನ್ನು ಕಿತ್ತರೂ ಎಂಜಿನ್ನಿನ ಸದ್ದು ಕುಂದಬೇಕು. ಯಾವುದನ್ನು ಕಿತ್ತಾಗ ವ್ಯತ್ಯಾಸವೇ ಆಗುವುದಿಲ್ಲವೋ ಆ ಸಿಲಿಂಡರು ಮೊದಲೇ ಸೋಮಾರಿಯಾಗಿತ್ತು. ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಬೇಕು: ದೋಷ ಪ್ಲಗ್ಗಿನೊಡನೆ ಹೋದರೆ ಪ್ಲಗ್ಗು ದೋಷಿ, ಅಲ್ಲಿಯೇ ಉಳಿದರೆ ತಂತಿಯೋ ಎಂಜಿನ್ನೋ ದೋಷಿ.

ಪ್ಲಗ್ಗಿನ ಮೂಗು ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು ನಾಲಿಗೆ ನೋಡಿ ವೈದ್ಯ ರೋಗ ಹೇಳಿದಂತೆ. ತಿಳಿ ಕಂದು ಬಣ್ಣ ಆರೋಗ್ಯ. ಒಣಗಿದ ಕರಿ ಮಸಿ ಪೆಟ್ರೋಲು ಹೆಚ್ಚಾದುದರ ಅಥವಾ ಕಿಡಿ ಸೊರಗಿದುದರ ಗುರುತು. ಎಣ್ಣೆಯ ಜಿಡ್ಡು ಎಂಜಿನ್ನಿನ ಸವೆತದ ಗುರುತು. ಸುಣ್ಣದಂತೆ ಬೆಳ್ಳಗಿದ್ದರೆ ಅತಿಯಾದ ಕಾವು. ಸಂದಿ ಅಂಬಾಸಡರಿನಲ್ಲಿ ಸುಮಾರು 0.6 ಮಿಲಿಮೀಟರ್ ಇರಬೇಕು.

ಬಂದು ಹೋಗುವ ದೋಷ

ಎಲ್ಲಕ್ಕಿಂತ ಕಷ್ಟವಾದುದು ಬಂದು ಹೋಗುವ ದೋಷ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೇಸಗೆಯ ಮಧ್ಯಾಹ್ನ ಅಂಬಾಸಡರೊಂದು ಸಿಲ್ಕ್ ಬೋರ್ಡಿನ ವಾಹನ ಸಂದಣಿಯಲ್ಲಿ ಅರ್ಧ ಗಂಟೆ ತೆವಳಿ ಥಟ್ಟನೆ ನಿಲ್ಲುತ್ತದೆ. ಒಡೆಯರು ಅದನ್ನು ಬದಿಗೆ ತಳ್ಳಿಸಿ ಕಾಯುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ಅದು ಏನೂ ಆಗದಂತೆ ಹೊರಡುತ್ತದೆ. ಮರುದಿನ ಗ್ಯಾರೇಜಿನಲ್ಲಿ ಎಷ್ಟು ಪರೀಕ್ಷಿಸಿದರೂ ದೋಷವಿಲ್ಲ!

ಇದಕ್ಕೆ ಎರಡು ಬಗೆಯ ಕಾರಣಗಳಿರಬಹುದು. ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಹರಿವು ನಿಂತಿರಬಹುದು. ಅಥವಾ ಕಾಯಿಲಿನ ಇಲ್ಲವೆ ಕಂಡೆನ್ಸರಿನ ಒಳಗಿನ ಬಿರುಕು ಕಾದಾಗ ಬಿಟ್ಟುಕೊಂಡು ಆರಿದಾಗ ಕೂಡಿಕೊಂಡಿರಬಹುದು. ಹೊರಗಿನ ಲಕ್ಷಣ ಎರಡಕ್ಕೂ ಒಂದೇ. ಭೇದ ತಿಳಿಯುವುದು ಗಾಡಿ ನಿಂತ ಆ ಇಪ್ಪತ್ತು ನಿಮಿಷಗಳಲ್ಲಿ ಮಾತ್ರ. ಆಗಲೇ ಬಾನೆಟ್ಟು ತೆರೆದು, ಪೆಟ್ರೋಲಿನ ವಾಸನೆಯಿಲ್ಲವೆಂದು ಖಚಿತಮಾಡಿಕೊಂಡು, ಮುಖ್ಯ ತಂತಿಯ ಕಿಡಿ ನೋಡಿದರೆ ಪ್ರಶ್ನೆ ಬಗೆಹರಿಯುತ್ತದೆ. ಕಿಡಿ ಇದ್ದರೆ ಪೆಟ್ರೋಲು, ಇಲ್ಲದಿದ್ದರೆ ಇಗ್ನಿಷನ್. ಗಾಡಿ ತಣಿದ ಮೇಲೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಆದುದರಿಂದ ಬಲ್ಬು ಮತ್ತು ಇಕ್ಕಳ ಇರಬೇಕಾದುದು ಮನೆಯ ಕಪಾಟಿನಲ್ಲಲ್ಲ, ಗಾಡಿಯಲ್ಲಿ.

ಕಾಕತಾಳೀಯವೋ, ಕಾರಣವೋ?

ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕಾಗೆಯ ಭಾರಕ್ಕೇ ಬಿತ್ತೆಂದು ಹೇಳುವುದು ಕಾಕತಾಳೀಯ. ದುರಸ್ತಿಯಲ್ಲಿ ಈ ಮೋಸ ನಿತ್ಯದ್ದು. ಹೊಸ ಕಾಯಿಲ್ ಹಾಕಿದೊಡನೆ ಗಾಡಿ ಹೊರಟಿತೆಂದು ಕಾಯಿಲೇ ಕಾರಣವೆಂದು ನಿರ್ಣಯಿಸುತ್ತೇವೆ. ಆದರೆ ಹಾಕುವಾಗ ಸಡಿಲವಾಗಿದ್ದ ತಂತಿಯೊಂದು ಬಿಗಿಯಾಗಿ ಕೂಡಿರಬಹುದು. ಆ ವೇಳೆಗೆ ಎಂಜಿನ್ನು ತಣಿದಿರಬಹುದು. ಒಳ್ಳೆಯ ಕಾಯಿಲ್ ಕಸದ ಬುಟ್ಟಿಗೆ ಹೋಯಿತು, ನಿಜವಾದ ದೋಷ ಗಾಡಿಯಲ್ಲೇ ಉಳಿಯಿತು. ಅದು ಮತ್ತೆ ತಲೆಯೆತ್ತುವುದು ಮನೆಯ ಮುಂದಲ್ಲ. ರಾತ್ರಿಯ ಹೊತ್ತು, ಮಕ್ಕಳು ಮುದುಕರು ಗಾಡಿಯಲ್ಲಿರುವಾಗ, ಊರಾಚೆಯ ಹೆದ್ದಾರಿಯಲ್ಲಿ. ಊಹೆಗೆ ತೆರಬೇಕಾದ ಬೆಲೆ ಬರಿಯ ಹಣವಲ್ಲ.

ಇದಕ್ಕೆ ಪರಿಹಾರ ನಮ್ಮ ನೈಯಾಯಿಕರ ಅನ್ವಯ ವ್ಯತಿರೇಕದಲ್ಲಿದೆ. ಹೇತುವಿದ್ದಲ್ಲಿ ಸಾಧ್ಯವಿದೆಯೆಂದು ತೋರಿಸಿದರೆ ಸಾಲದು. ಸಾಧ್ಯವಿಲ್ಲದಲ್ಲಿ ಹೇತುವೂ ಇಲ್ಲವೆಂದು ತೋರಿಸಬೇಕು. ಜಾನ್ ಸ್ಟುವರ್ಟ್ ಮಿಲ್ ತನ್ನ 1843ರ ತರ್ಕಗ್ರಂಥದಲ್ಲಿ ವ್ಯತ್ಯಾಸವಿಧಾನವೆಂದು ನಿರೂಪಿಸಿದ್ದರ ಸಾರವೂ ಇದಕ್ಕೆ ಹತ್ತಿರವೇ: ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ, ಹೊಸ ಕಾಯಿಲಿನಿಂದ ಗಾಡಿ ಹೊರಟ ಮೇಲೆ ಹಳೆಯ ಕಾಯಿಲನ್ನು ಮತ್ತೆ ಹಾಕಿ ನೋಡಬೇಕು. ದೋಷ ಮರಳಿ ಬಂದರೆ ಕಾಯಿಲೇ ಕಾರಣವೆಂಬುದು ಸಿದ್ಧವಾಯಿತು. ಬಾರದಿದ್ದರೆ ಹುಡುಕಾಟ ಮುಗಿದಿಲ್ಲ. ಹತ್ತು ನಿಮಿಷದ ಈ ಶ್ರಮವನ್ನು ಬಹುಮಂದಿ ಮಾಡುವುದಿಲ್ಲ. ಗಾಡಿ ಹೊರಟ ಸಂತೋಷದಲ್ಲಿ ಮರೆಯುತ್ತಾರೆ. ಮಾಡುವ ಮೇಸ್ತ್ರಿ ಶಾಲೆಯ ಮೆಟ್ಟಿಲು ಹತ್ತದಿದ್ದರೂ ತಾರ್ಕಿಕನೇ ಸರಿ.

ಉಪಸಂಹಾರ

1888ರಲ್ಲಿ ಬೆರ್ಥಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಮೋಟಾರು ಗಾಡಿಯಲ್ಲಿ ಪಯಣಿಸಿದಳು. ಅಷ್ಟು ದೂರದ ಮೋಟಾರು ಪ್ರಯಾಣ ಅದೇ ಮೊದಲನೆಯದೆಂದು ಪ್ರಸಿದ್ಧಿ. ದಾರಿಯಲ್ಲಿ ಇಗ್ನಿಷನ್ನಿನ ತಂತಿಯ ಹೊದಿಕೆ ಸವೆಯಲು, ತನ್ನ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ಗಾಡಿ ನಡೆಸಿದಳೆಂಬ ಕಥೆಯೂ ಉಂಟು. ಅಂದು ಅವಳ ಹತ್ತಿರ ಬದಲಿ ಬಿಡಿಭಾಗಗಳ ಅಂಗಡಿ ಇರಲಿಲ್ಲ. ದೋಷವೆಲ್ಲಿದೆಯೆಂದು ನೋಡುವ ಕಣ್ಣಿತ್ತು.

ಇಂದು ನಮಗೆ ಅಂಗಡಿಗಳಿಗೇನೂ ಕೊರತೆಯಿಲ್ಲ. ಆ ಕಣ್ಣನ್ನು ಬೆಳೆಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ದಾರಿಯನ್ನು ಎರಡಾಗಿ ಸೀಳು, ಒಂದನ್ನೇ ಬದಲಿಸು, ತೀರ್ಮಾನವನ್ನು ತಿರುಗಿಸಿ ಪರೀಕ್ಷಿಸು: ಈ ಮೂರು ಮಾತುಗಳು ಅಂಬಾಸಡರಿಗೆ ಎಷ್ಟು ಸಲ್ಲುತ್ತವೆಯೋ ಇತಿಹಾಸದ ಒಂದು ವಾದಕ್ಕೆ, ಅರ್ಥಶಾಸ್ತ್ರದ ಒಂದು ಸಿದ್ಧಾಂತಕ್ಕೆ, ಊರಿನ ಒಂದು ಗಾಳಿಮಾತಿಗೆ ಕೂಡ ಅಷ್ಟೇ ಸಲ್ಲುತ್ತವೆ. ಮನೆಯ ಮುಂದೆ ಹಳೆಯ ಗಾಡಿಯಿರುವ ಸಹಪಾಠಿಗಳು ಮುಂದಿನ ರಜೆಯಲ್ಲಿ ಹಿರಿಯರ ಅಪ್ಪಣೆ ಪಡೆದು, ಬಲ್ಲವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಬಾನೆಟ್ಟು ತೆರೆದು ಬಲ್ಬು ಹಿಡಿದು ನೋಡಲಿ. ಕೈಗೆ ಸ್ವಲ್ಪ ಮಸಿ ಹತ್ತೀತು. ತರ್ಕಶಾಸ್ತ್ರದ ಒಂದು ಅಧ್ಯಾಯ ಮಾತ್ರ ಮತ್ತೆಂದಿಗೂ ಮರೆಯಲಾರದು.